ನೆಮ್ಮದಿಯ ಹಾಡಿಗೆ ಮಂಗಳೂರಿನ ವಿಳಾಸ: ಹದಿಮೂರು ಸೂತ್ರಗಳು

ನಿದ್ದೆ ಬಾರದ ಒಂದು ರಾತ್ರಿ ಫೋನಿನಲ್ಲಿ ಹತ್ತು ಗಂಟೆ ಉದ್ದದ 'ಮನಶ್ಶಾಂತಿ ಸಂಗೀತ' ಹಾಕಿ ಮಲಗಿದ್ದೆ. ಕೊಳಲು, ನೀರಿನ ಜುಳುಜುಳು, ದೂರದಲ್ಲೆಲ್ಲೋ ಗಂಟೆ. ಇನ್ನೇನು ಕಣ್ಣು ಹತ್ತಿತು ಅನ್ನುವಾಗ ಒಬ್ಬ ಪುಣ್ಯಾತ್ಮ ಕಿವಿಯೊಳಗೇ ಕೂಗಿದ, ಐದೇ ನಿಮಿಷದಲ್ಲಿ ಸಾಲ ಕೊಡುತ್ತೇನೆಂದು. ಜಾಹೀರಾತು ಮಾರಾಯ್ರೆ! ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ಎದ್ದು ಕೂತವನು ಕೋಳಿ ಕೂಗುವವರೆಗೂ ಹಾಗೇ ಕೂತಿದ್ದೆ. ಕದ್ರಿಯಿಂದ ರಥಬೀದಿಗೆ ಹೋಗುವಷ್ಟರಲ್ಲಿ ನಾಲ್ಕು ಕಡೆ ಭಜನೆ ಕೇಳಿಸುವ ಊರಿನಲ್ಲಿದ್ದುಕೊಂಡು, ಯಾರು ನುಡಿಸಿದರೆಂದೇ ಗೊತ್ತಿಲ್ಲದ ಕೊಳಲಿಗೆ ನಾನೇಕೆ ಜೋತುಬಿದ್ದೆ ಎಂಬ ಪ್ರಶ್ನೆ ಆ ಹೊತ್ತಿಗೆ ಬಂತು. ಆಮೇಲೆ ಕಂಡುಕೊಂಡ ದಾರಿಗಳು ಇವು.

1. 'ಶಾಂತಿ' ಎಂದು ಹುಡುಕಬೇಡಿ

'ಧ್ಯಾನ', 'ಒತ್ತಡ ನಿವಾರಣೆ', 'ಗಾಢ ನಿದ್ರೆ' ಎಂದೆಲ್ಲ ಬರೆದು ಹುಡುಕಿದರೆ ಸಿಗುವುದು ಹೆಸರಿಲ್ಲದವರು ಸಗಟಿನಲ್ಲಿ ತಯಾರಿಸಿದ ಸರಕು. ಅದರ ಬದಲು ಹೆಸರು ಹಿಡಿದು ಹುಡುಕಿ: ಹಾಡುವವರದು, ವಾದ್ಯದ್ದು, ರಾಗದ್ದು. ನಿದ್ದೆಗೆ ನೀಲಾಂಬರಿ, ಜೋಗುಳದ ರಾಗವೆಂದೇ ಅದಕ್ಕೆ ಹೆಸರು. ಸಂಜೆಗೆ ಯಮನ್, ಬೆಳಗ್ಗೆ ಅಹಿರ್ ಭೈರವ್. ವೀಣೆ ಬೇಕೆಂದರೆ ಮೈಸೂರಿನ ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರಿಂದ ಶುರುಮಾಡಿ. ಆ ಮೀಟಿಗೆ ಅವಸರವೆಂಬುದೇ ಗೊತ್ತಿಲ್ಲ. ಗಾಯನ ಬೇಕೆಂದರೆ ಎಂ.ಡಿ. ರಾಮನಾಥನ್. ಕಂಚಿನ ದನಿ, ವಿಳಂಬ ಕಾಲ. ಬೇರೆಯವರು ಎರಡು ಕೃತಿ ಮುಗಿಸುವಷ್ಟರಲ್ಲಿ ಇವರದು ಒಂದು ಆಗುತ್ತದೆ. ಮೊದಲ ಸಲ ಬೇಸರ ಬಂದರೂ ಬರಬಹುದು. ಮೂರನೇ ಸಲ ಬರುವುದಿಲ್ಲ.

ಇನ್ನೊಂದು ಮಾತು. ಕರ್ನಾಟಕ ಸಂಗೀತದ ಇಡೀ ಕಚೇರಿಯನ್ನು ಹಾಕಿ ಮಲಗಬೇಡಿ. ಅರೆನಿದ್ದೆಯಲ್ಲಿ ತನಿ ಆವರ್ತನ ಬಂದು ಮೃದಂಗವೂ ಘಟವೂ ಪಂಥಕ್ಕಿಳಿದರೆ ಸಾಲದ ಜಾಹೀರಾತೇ ವಾಸಿ ಅನ್ನಿಸುತ್ತದೆ. ಆಲಾಪನೆಯ ಭಾಗವನ್ನಷ್ಟೇ ಆರಿಸಿ ಇಟ್ಟುಕೊಳ್ಳಿ.

2. ವೇಗ ನೋಡಿ, ಪಂಗಡ ನೋಡಬೇಡಿ

ಇಟಲಿಯ ಲುಚಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 24 ಮಂದಿಗೆ ಬೇರೆ ಬೇರೆ ಬಗೆಯ ಸಂಗೀತ ಕೇಳಿಸಿ ಅವರ ಉಸಿರು, ನಾಡಿ, ರಕ್ತದೊತ್ತಡ ಅಳೆದರು. 2006ರಲ್ಲಿ 'ಹಾರ್ಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಕೇಳಿಸಿದ್ದರಲ್ಲಿ ನಮ್ಮ ರಾಗಸಂಗೀತವೂ ಇತ್ತು, ಪಾಶ್ಚಾತ್ಯ ಶಾಸ್ತ್ರೀಯವೂ ಇತ್ತು, ರ್‍ಯಾಪ್, ಟೆಕ್ನೊ ಕೂಡ. ಮೈಯನ್ನು ಎಬ್ಬಿಸುವುದಕ್ಕೂ ತಣಿಸುವುದಕ್ಕೂ ಹೆಚ್ಚಾಗಿ ಕಾರಣವಾದದ್ದು ಲಯದ ವೇಗ. ಹಾಗಾಗಿ ಭಕ್ತಿಗೀತೆ ಎಂದ ಮಾತ್ರಕ್ಕೆ ನೆಮ್ಮದಿ ಖಚಿತವಲ್ಲ. ಕೀಬೋರ್ಡು, ಡ್ರಮ್ಸ್ ಸೇರಿಸಿ ಓಡಿಸಿದ ದೇವರನಾಮಗಳನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

3. ಆಯ್ಕೆಯನ್ನು ಬೇರೆಯವರಿಗೆ ಬಿಟ್ಟುಬಿಡಿ: ರೇಡಿಯೊ ಹಾಕಿ

ಹಾಡು ಹುಡುಕುತ್ತ ಅರ್ಧ ಗಂಟೆ ಪರದೆ ಉಜ್ಜುವುದೇ ಒಂದು ಆಯಾಸ. 1976ರಿಂದ ಕದ್ರಿ ಗುಡ್ಡೆಯ ಮೇಲೆ ನಮಗಾಗಿ ಈ ಕೆಲಸ ಮಾಡುವವರಿದ್ದಾರೆ. ಮಂಗಳೂರು ಆಕಾಶವಾಣಿ, ಎಫ್‌ಎಂ 100.3. ಬೆಳಗಿನ ಭಕ್ತಿಗೀತೆಗೆ ಮೊದಲು ಬರುವ ಆ ಪರಿಚಯ ರಾಗ ಕೇಳಿದರೆ ಸಾಕು, ನನ್ನ ವಯಸ್ಸಿನವರಿಗೆ ಅಮ್ಮ ಒಲೆ ಹಚ್ಚಿದ ವಾಸನೆ ಬರುತ್ತದೆ. ಶಿವರಂಜನಿಯ ಛಾಯೆಯ ಆ ಸ್ವರಗುಚ್ಛವನ್ನು ಕಟ್ಟಿದವರು ನಾಜಿಗಳ ಕಾಲದಲ್ಲಿ ಯುರೋಪು ಬಿಟ್ಟು ಮುಂಬಯಿಗೆ ಬಂದ ಯೆಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್. ನಿರಾಶ್ರಿತನೊಬ್ಬ ಕಟ್ಟಿದ ಸ್ವರಕ್ಕೆ ಇಡೀ ದೇಶ ಕಣ್ಣುಬಿಡುವುದನ್ನು ಕಲಿಯಿತು.

ಸಂತ ಅಲೋಶಿಯಸ್ ಕಾಲೇಜಿನ ಸಮುದಾಯ ರೇಡಿಯೊ 'ಸಾರಂಗ್' 107.8ರಲ್ಲಿ 2009ರಿಂದ ಇದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಅಲ್ಲಿ ಕಿವಿಗೆ ಬೀಳುತ್ತವೆ. ಶಾಸ್ತ್ರೀಯ ಸಂಗೀತವೊಂದೇ ಸಾಕು ಅನ್ನುವವರಿಗೆ ಆಕಾಶವಾಣಿಯ 'ರಾಗಂ' ವಾಹಿನಿ 2016ರ ಜನವರಿ 26ರಿಂದ ದಿನದ 24 ಗಂಟೆಯೂ ಹರಿಯುತ್ತಿದೆ. ಫೋನಿನಲ್ಲಿ ಪ್ರಸಾರ ಭಾರತಿಯ ಆ್ಯಪ್ ಹಾಕಿಕೊಂಡರೆ ಸಿಗುತ್ತದೆ, ಕಾಸು ಬೇಡ. ವಾರ್ತೆ ಶುರುವಾಗುವ ಮೊದಲು ಆರಿಸುವುದು ನಿಮ್ಮ ಜವಾಬ್ದಾರಿ.

4. ಊರಿನ ಸ್ಯಾಕ್ಸೊಫೋನನ್ನು ಇನ್ನೊಮ್ಮೆ ಕೇಳಿ

ಸ್ಯಾಕ್ಸೊಫೋನ್ ಎಂದಾಕ್ಷಣ ನಮಗೆ ನೆನಪಾಗುವುದು ಮದುವೆ ಹಾಲ್ ಮತ್ತು ಧಾರೆಯ ಗಡಿಬಿಡಿ. ಕರಾವಳಿಯ ದೇವಸ್ಥಾನಗಳಲ್ಲೂ ಮದುವೆಗಳಲ್ಲೂ ನಾಗಸ್ವರ ಊದುತ್ತಿದ್ದ ಜಾಗದಲ್ಲಿ ಈಗ ಹೆಚ್ಚಾಗಿ ಅದೇ. ಈ ಬದಲಾವಣೆಯ ಹಿಂದಿರುವ ದೊಡ್ಡ ಹೆಸರು ಕದ್ರಿ ಗೋಪಾಲನಾಥ್.

ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಅವರಿಗೆ ತಂದೆ ತನಿಯಪ್ಪನವರಿಂದ ಬಂದದ್ದು ನಾಗಸ್ವರ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸ್ಸು ಅತ್ತ ಹೊರಳಿತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮುಂದೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಪಾಠವಾಯಿತು. ಒಂದೊಂದು ಸ್ವರಕ್ಕೆ ಒಂದೊಂದು ಕೀಲಿ ಇರುವ ವಾದ್ಯ ಅದು. ಆ ಸ್ವರದಿಂದ ಈ ಸ್ವರಕ್ಕೆ ಜಾರುವ, ತೂಗುವ ಗಮಕ ಅದರಲ್ಲಿ ಸುಲಭಕ್ಕೆ ಹೊರಡುವುದಿಲ್ಲ. ವರ್ಷಗಟ್ಟಲೆ ಉಸಿರು ತೆತ್ತು ಅವರು ಅದನ್ನು ಪಳಗಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಚೇರಿಯಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರ್ 11ರಂದು ಇದೇ ಮಂಗಳೂರಿನಲ್ಲಿ ಉಸಿರು ನಿಂತಿತು.

ಕೇಳುವ ಕ್ರಮ ಹೀಗೆ: ಸಿನಿಮಾದಲ್ಲಿ ನುಡಿಸಿದ್ದು ಬೇಡ, ಜಾಸ್ ಕಲಾವಿದರ ಜೊತೆಗಿನ ಆಲ್ಬಮ್ಮುಗಳೂ ಸದ್ಯಕ್ಕೆ ಬೇಡ. ಅವು ಚೆನ್ನಾಗಿವೆ, ಆದರೆ ನಮ್ಮ ಕೆಲಸಕ್ಕಲ್ಲ. ಮೃದಂಗ ಸೇರುವ ಮೊದಲಿನ ರಾಗಾಲಾಪನೆಯನ್ನು ಹಿಡಿಯಿರಿ. ಕೆಳಸ್ಥಾಯಿಯಲ್ಲಿ ಒಂದೇ ಸ್ವರದ ಮೇಲೆ ನಿಂತಾಗ ಆ ಹಿತ್ತಾಳೆಗೆ ಮನುಷ್ಯನ ಗಂಟಲು ಬಂದುಬಿಡುತ್ತದೆ. ನಾನು ಇದನ್ನು ಸಂಜೆ ಆರೂವರೆಗೆ, ದೀಪ ಹಚ್ಚುವ ಹೊತ್ತಿಗೆ ಇಟ್ಟುಕೊಂಡಿದ್ದೇನೆ. ಬೇರೆ ಹೊತ್ತಿನಲ್ಲಿ ಅದು ಅಷ್ಟು ಒಳಗಿಳಿಯುವುದಿಲ್ಲ, ಯಾಕೋ.

5. ಕದ್ರಿಯ ಕೆರೆಕಟ್ಟೆಯಿಂದ ದೇವಾಸಿಗೆ ಒಂದು ದಾರಿ

ಇದು ಸೂತ್ರಕ್ಕಿಂತ ಹೆಚ್ಚಾಗಿ ನನ್ನದೊಂದು ಹುಚ್ಚು. ಬೇಡದವರು ಆರಕ್ಕೆ ದಾಟಿ.

ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಕಂಚಿನ ಲೋಕೇಶ್ವರ ಮೂರ್ತಿ ಇದೆ. ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮ ಮಾಡಿಸಿದ್ದೆಂದು ಅದರ ಪೀಠದ ಶಾಸನವೇ ಹೇಳುತ್ತದೆ. ಪಕ್ಕದ ಗುಡ್ಡದಲ್ಲಿ ಯೋಗೇಶ್ವರ ಮಠ, ಜೋಗಿಮಠ. ನಾಥಪಂಥದ ಜೋಗಿಗಳು 12 ವರ್ಷಕ್ಕೊಮ್ಮೆ ನಾಸಿಕದ ಕಡೆಯಿಂದ ಕಾಲ್ನಡಿಗೆಯಲ್ಲಿ ಇಲ್ಲಿಗೆ ಬರುತ್ತಾರೆ, ಮಠಕ್ಕೆ ಹೊಸ ಅರಸನ ಪಟ್ಟಾಭಿಷೇಕವಾಗುತ್ತದೆ. ಕಳೆದ ಸಲ ಬಂದದ್ದು 2016ರಲ್ಲಿ.

ಇದೇ ನಾಥಪಂಥದ ಜೋಗಿಗಳು ಮಧ್ಯಪ್ರದೇಶದ ಮಾಳವದಲ್ಲಿ ಕಬೀರನ, ಗೋರಖನಾಥನ ನಿರ್ಗುಣ ಪದಗಳನ್ನು ಹಾಡುತ್ತ ಊರೂರು ತಿರುಗುತ್ತಿದ್ದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು ಕ್ಷಯರೋಗಕ್ಕೆ ತುತ್ತಾಗಿ ಒಣಹವೆ ಹುಡುಕಿಕೊಂಡು ಅದೇ ಮಾಳವದ ದೇವಾಸ್ ಎಂಬ ಊರಿಗೆ ಹೋದರು. ವರ್ಷಗಟ್ಟಲೆ ಹಾಡುವಂತಿರಲಿಲ್ಲ, ಮಲಗಿ ಕೇಳುವುದೊಂದೇ ಉಳಿದ ದಾರಿ. ಆಗ ಕಿವಿಗೆ ಬಿದ್ದ ಜೋಗಿಗಳ ದನಿ, ಜನಪದರ ದನಿ ಒಳಗೆ ಕೂತಿತು. ಮತ್ತೆ ಹಾಡತೊಡಗಿದಾಗ ಆ ನಿರ್ಗುಣ ಪದಗಳನ್ನು ತಮ್ಮದೇ ರೀತಿಯಲ್ಲಿ ಹಾಡಿದರು. ಎತ್ತರಕ್ಕೆ ಎಸೆದಂಥ ಒಂದು ಸ್ವರ, ಆಮೇಲೆ ಮೌನ, ಮತ್ತೆ ಒಂದು ಎಸೆತ. ಕುಂದಿದ ಶ್ವಾಸಕೋಶದ ಉಸಿರಿಗೆ ತಕ್ಕ ಹಾಗೆ ಹಾಡು ತುಂಡುತುಂಡಾಗಿ ಬರುತ್ತದೆ ಎನ್ನುವವರಿದ್ದಾರೆ. ಇರಬಹುದು. ಕೇಳುವವನ ಉಸಿರೂ ಹಾಗೇ ನಿಧಾನಕ್ಕಿಳಿಯುತ್ತದೆ.

ಒಂದು ಭಾನುವಾರ ನಸುಕಿಗೆ ಕದ್ರಿ ದೇವಸ್ಥಾನದ ಮೇಲಿನ ಕೆರೆಗಳ ಹತ್ತಿರ ಕೂತು ಬನ್ನಿ. ಅಲ್ಲಿ ಫೋನು ಬೇಡ. ಮನೆಗೆ ಬಂದು ಕುಮಾರ ಗಂಧರ್ವರ ಒಂದು ನಿರ್ಗುಣ ಭಜನೆ ಹಾಕಿ. ಒಂದೇ. ಎರಡನೆಯದು ನಾಳೆಗೆ.

6. ಭಜನೆಗೆ ಹೋಗಿ, ಹೊತ್ತು ಆರಿಸಿ

ನಮ್ಮಲ್ಲಿ ಕೇರಿಗೊಂದು ಭಜನಾ ಮಂದಿರ. ವಾರದ ಭಜನೆ, ವರ್ಷದ ನಗರ ಭಜನೆ, ಮಂಗಳೋತ್ಸವ, ಕುಣಿತ ಭಜನೆ. ಕುಣಿತ ಭಜನೆ ಕಣ್ಣಿಗೆ ಹಬ್ಬ, ಕಾಲಿಗೆ ವ್ಯಾಯಾಮ, ಮನಸ್ಸಿಗೆ ಹುರುಪು. ವಿಶ್ರಾಂತಿ ಮಾತ್ರ ಅದರಲ್ಲಿಲ್ಲ. ವಿಶ್ರಾಂತಿ ಬೇಕಾದವರು ಏಕಾಹ ಭಜನೆಯ ದಿನ ಕಾಯಬೇಕು. ಸೂರ್ಯೋದಯಕ್ಕೆ ದೀಪ ಹಚ್ಚಿ ಶುರುವಾದರೆ ಮರುದಿನದ ಸೂರ್ಯೋದಯದವರೆಗೆ ತಾಳ ನಿಲ್ಲುವಂತಿಲ್ಲ, ಒಂದು ತಂಡ ಏಳುತ್ತಿದ್ದಂತೆ ಇನ್ನೊಂದು ಕೂರುತ್ತದೆ. ಗೌಡ ಸಾರಸ್ವತರ ದೇವಸ್ಥಾನಗಳಲ್ಲಿ ಇದೇ ಏಳು ದಿನಗಳ ಸಪ್ತಾಹವಾಗುತ್ತದೆ. ದಾಸರ ಪದದ ಬೆನ್ನಿಗೆ ಮರಾಠಿ ಅಭಂಗವೂ ಬರುತ್ತದೆ.

ಸಂಜೆ ಏಳಕ್ಕೆ ಹೋದರೆ ಊರಿಗೆ ಊರೇ ಇರುತ್ತದೆ, ಮಾತು, ಪ್ರಸಾದದ ಸಾಲು, ಮಕ್ಕಳ ಓಟ. ನಡುರಾತ್ರಿ ಎರಡರ ಮೇಲೆ ಹೋಗಿ. ಏಳೆಂಟು ಜನ ಉಳಿದಿರುತ್ತಾರೆ. ಗಂಟಲು ಬಿದ್ದಿರುತ್ತದೆ, ಮೈಕಿನ ದರ್ಪ ಇಳಿದಿರುತ್ತದೆ, ಹಾರ್ಮೋನಿಯಂ ನುಡಿಸುವವರ ಕಣ್ಣು ಅರ್ಧ ಮುಚ್ಚಿರುತ್ತದೆ. ಯಾರನ್ನೂ ಮೆಚ್ಚಿಸಬೇಕಾಗಿಲ್ಲದ ಆ ಹೊತ್ತಿನ ಹಾಡಿಗೆ ಸಮನಾದದ್ದು ನನ್ನ ಫೋನಿನಲ್ಲಿ ಇದುವರೆಗೆ ಸಿಕ್ಕಿಲ್ಲ. ತಾಳ ಕೊಟ್ಟರೆ ಬೇಡ ಅನ್ನಬೇಡಿ. ತಪ್ಪಿದರೂ ಆ ಹೊತ್ತಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

7. ಒಂದೇ ಪದ, ಮೂರು ದನಿ

ನೂರು ಹಾಡು ಗುಡ್ಡೆ ಹಾಕುವುದಕ್ಕಿಂತ ಒಂದನ್ನು ಮೂರು ಗಂಟಲಲ್ಲಿ ಕೇಳಿ. ಭಾಗ್ಯಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದ ಯಾರಿಗೆ ಗೊತ್ತಿಲ್ಲ? ಭೀಮಸೇನ ಜೋಶಿಯವರಲ್ಲಿ ಅದು ಹಿಂದುಸ್ತಾನಿಯ ಗತ್ತಿನಲ್ಲಿ ಬರುತ್ತದೆ, ಎಂ.ಎಸ್. ಸುಬ್ಬುಲಕ್ಷ್ಮಿಯವರಲ್ಲಿ ನೀರಿನ ಹಾಗೆ. ಮೂರನೆಯ ದನಿ ನಿಮ್ಮ ಮನೆಯದು: ಅಜ್ಜಿ, ದೊಡ್ಡಮ್ಮ, ಸೋದರತ್ತೆ, ಶುಕ್ರವಾರ ಸಂಜೆ ಹಾಡುವವರು ಯಾರೋ ಅವರದು. ಕೇಳಿಕೊಂಡು ಫೋನಿನಲ್ಲಿ ಹಿಡಿದಿಡಿ. ಕುಕ್ಕರಿನ ಸೀಟಿ ಸೇರಿಕೊಂಡರೆ ಸೇರಿಕೊಳ್ಳಲಿ, ಅದನ್ನು ಕತ್ತರಿಸಬೇಡಿ.

ದಾಸರ ಪದಗಳ ವಿಷಯದಲ್ಲಿ ನಮ್ಮ ಜಿಲ್ಲೆ ಬಡವಾಗಿಲ್ಲ. ಸುಬ್ರಹ್ಮಣ್ಯ ಮಠದ ಪೀಠದಲ್ಲಿದ್ದು ಆಮೇಲೆ ಸನ್ಯಾಸ ಬಿಟ್ಟು ಸಂಸಾರಿಯಾದ ವಿದ್ಯಾಭೂಷಣರು ಹಾಡಿದ ಕ್ಯಾಸೆಟ್ಟು ಇಲ್ಲದ ಮನೆ ಒಂದು ಕಾಲಕ್ಕೆ ಇಲ್ಲಿ ಅಪರೂಪವಾಗಿತ್ತು. ಪುತ್ತೂರು ನರಸಿಂಹ ನಾಯಕರ ದನಿಯನ್ನು ಬಸ್ಸಿನಲ್ಲಿ, ಜಾತ್ರೆಯಲ್ಲಿ ಕೇಳಿಯೇ ಬೆಳೆದಿದ್ದೇವೆ. ಆ ಹಳೆಯ ಧ್ವನಿಮುದ್ರಿಕೆಗಳೇ ಇರಲಿ. ಅವಕ್ಕೆ ಹೊಸದಾಗಿ ತಾಳ ಕಟ್ಟಿ ಬಿಟ್ಟ ಆವೃತ್ತಿಗಳ ತಂಟೆ ಬೇಡ.

8. ಸಂಜೆ ಆರತಿಗೆ ಮಂಗಳಾದೇವಿಯ ಕಡೆ ನಡೆಯಿರಿ

ಅಲ್ಲಿನ ರಾಮಕೃಷ್ಣ ಮಠದಲ್ಲಿ, ಜಗತ್ತಿನ ಬೇರೆಲ್ಲ ರಾಮಕೃಷ್ಣ ಮಠಗಳಲ್ಲಿ ಇರುವ ಹಾಗೆ, ಸಂಜೆಯ ಆರತಿಗೆ ಸ್ವಾಮಿ ವಿವೇಕಾನಂದರು ರಚಿಸಿದ ಸ್ತೋತ್ರಗೀತೆ ಹಾಡುತ್ತಾರೆ. ಪದ ಗೊತ್ತಿಲ್ಲದವರು ಸುಮ್ಮನೆ ಕೂರಬಹುದು. ಆರತಿ ಮುಗಿದ ಕೂಡಲೇ ಚಪ್ಪಲಿ ಹುಡುಕಲು ಓಡಬೇಡಿ. ಕೂತವರ ನಡುವೆ ಇನ್ನೊಂದಿಷ್ಟು ಹೊತ್ತು ಕೂರಿ.

9. ಪತ್ತನಾಜೆಯ ನಂತರ ಬಾಗಿಲು ತೆರೆದಿಡಿ

ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮತ್ತೆ ಕಟ್ಟುವುದು ದೀಪಾವಳಿಯ ಆಚೆ. ನಡುವಿನ ಮಳೆಗಾಲದಲ್ಲಿ ಸಂಜೆ ಕೊಡೆ ಹಿಡಿದು ಚಿಕ್ಕಮೇಳ ಬರುತ್ತದೆ. ಭಾಗವತರು, ಚೆಂಡೆ ಮದ್ದಳೆ, ಎರಡು ವೇಷ. ಚಾವಡಿಯಲ್ಲಿ ದೀಪ, ಅಕ್ಕಿ, ತೆಂಗಿನಕಾಯಿ ಇಟ್ಟರೆ ಹತ್ತು ಹದಿನೈದು ನಿಮಿಷದ ಆಟ. ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಎಷ್ಟೋ ಮನೆಗಳು ಇದನ್ನು ಕಳೆದುಕೊಂಡಿವೆ. ವಾಚ್‌ಮನ್‌ಗೆ ಮೊದಲೇ ಹೇಳಿಡಿ, ಗೇಟಿನಿಂದಲೇ ವಾಪಸ್ ಕಳಿಸದಂತೆ.

ಚೆಂಡೆಯಿಂದ ವಿಶ್ರಾಂತಿಯೇ ಎಂದು ಕೇಳಬಹುದು. ಚೆಂಡೆಯಿಂದ ಅಲ್ಲ, ಭಾಗವತಿಕೆಯಿಂದ. ಇಡೀ ರಾತ್ರಿಯ ಆಟಕ್ಕೆ ಹೋಗುವವರು ಚೌಕಿಪೂಜೆಯ ಹೊತ್ತಿಗೇ ಹೋಗಬೇಕು. ಬಣ್ಣದ ಮನೆಯಲ್ಲಿ ದೇವರ ಮುಂದೆ ಹಾಡುವ ಗಣಪತಿಯ ಸ್ತುತಿ, ರಂಗದ ಅಬ್ಬರ ಇನ್ನೂ ಏರದ ಆ ಗಳಿಗೆ, ಆಟದ ಪೈಕಿ ಅತ್ಯಂತ ಮೆತ್ತನೆಯದು. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಏರುಶ್ರುತಿಯ ಹಳೆಯ ಮುದ್ರಿಕೆ ಸಿಕ್ಕರೆ ಬಿಡಬೇಡಿ. ಮಲಗುವ ಹೊತ್ತಿಗಲ್ಲ, ಮಳೆ ಸುರಿಯುವ ಮಧ್ಯಾಹ್ನಕ್ಕೆ ಅದು.

10. ನೆರೆಮನೆಯ ಪ್ರಾರ್ಥನೆಗೂ ಕಿವಿ ಕೊಡಿ

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಮುಂಚಿನ ಒಂಬತ್ತು ದಿನ ಚರ್ಚುಗಳಲ್ಲಿ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಅರ್ಪಿಸುತ್ತ ಕೊಂಕಣಿಯಲ್ಲಿ ಹಾಡುತ್ತಾರೆ. ತರಬೇತಿಯಿಲ್ಲದ, ಸ್ವಲ್ಪ ಅಪಶ್ರುತಿಯ, ಬಿಸಿಲಿನಂಥ ಹಾಡು. ಸಂತ ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳನ್ನು (ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ ಬರೆದವು) ನೋಡಲು ಪ್ರವಾಸಿಗರು ಬರುತ್ತಾರೆ. ಪೂಜೆಯ ಹೊತ್ತಿಗೆ ಹೋಗಿ ಕೂತು ಗಾಯನವೃಂದ ಕೇಳಿದರೆ ಅವೇ ಗೋಡೆಗಳು ಬೇರೆ ಕಾಣುತ್ತವೆ. ಬಂದರಿನ ಕಡೆ, ಉಳ್ಳಾಲದ ಕಡೆ ಗೆಳೆಯರಿದ್ದರೆ ದಫ್ ಬಾರಿಸಿ ಹಾಡುವ ದಿನ ಕರೆಯಲು ಹೇಳಿ. ಎಲ್ಲಿಗೇ ಹೋದರೂ ಹಿಂದೆ ಕೂರಿ, ಕೇಳದೆ ರೆಕಾರ್ಡ್ ಮಾಡಬೇಡಿ.

11. ಉಚಿತ ಕಚೇರಿಯ ಕೊನೆಯ ಸಾಲು

ಮಂಗಳೂರಿನಲ್ಲಿ ಟಿಕೆಟಿಲ್ಲದ ಕಚೇರಿಗಳಿಗೆ ಬರವಿಲ್ಲ. ಸಂಗೀತ ಪರಿಷತ್ತಿನವು, ಎನ್‌ಐಟಿಕೆಯ ಸ್ಪಿಕ್ ಮೆಕೆಯವು, ಸುರತ್ಕಲ್ಲಿನಲ್ಲಿ ಮಣಿ ಕೃಷ್ಣಸ್ವಾಮಿ ಅಕಾಡೆಮಿಯ ಬೆಳಗಿನ 'ಉದಯರಾಗ'. ಪತ್ರಿಕೆಯ 'ಇಂದಿನ ಕಾರ್ಯಕ್ರಮ' ಕಾಲಂ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಮೂಡುಬಿದಿರೆಯ ಆಳ್ವಾಸ್ ವಿರಾಸತ್ ದೊಡ್ಡ ಸಂಭ್ರಮ, ಹೋಗಲೇಬೇಕು. ಆದರೆ ಸಾವಿರಾರು ಜನರ ನಡುವೆ, ವಾಹನ ನಿಲ್ಲಿಸಲು ಜಾಗ ಹುಡುಕಿ ಬಂದವನಿಗೆ ನೆಮ್ಮದಿ ಸಿಗುತ್ತದೆಂದು ನಾನು ಮಾತು ಕೊಡಲಾರೆ. ಮೂವತ್ತು ಜನರ ಕಚೇರಿಯೇ ಕ್ಷೇಮ. ಕೊನೆಯ ಸಾಲಿನಲ್ಲಿ ಕೂರಿ. ಸ್ಪೀಕರಿನಿಂದ ದೂರ, ನಿದ್ದೆ ಬಂದರೂ ವಿದ್ವಾಂಸರಿಗೆ ಕಾಣುವುದಿಲ್ಲ.

12. 432ಕ್ಕೆ ಬಲಿಬೀಳಬೇಡಿ, ಶಬ್ದ ತಗ್ಗಿಸಿ

'432 ಹರ್ಟ್ಸ್ ಸಂಗೀತ ಕೇಳಿದರೆ ರೋಗ ಗುಣ' ಎಂಬ ವೀಡಿಯೊಗಳು ಬರುತ್ತವೆ. ಪಾಶ್ಚಾತ್ಯರು 'ಎ' ಸ್ವರವನ್ನು 440 ಹರ್ಟ್ಸಿಗೆ ನಿಲ್ಲಿಸಿಕೊಂಡಿದ್ದಾರೆ, ಅದನ್ನು ಎಂಟು ಇಳಿಸಿದರೆ ಪವಾಡವಂತೆ. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ಅಂಥ ಕಟ್ಟುಪಾಡೇ ಇಲ್ಲ. ಹಾಡುವವರ ಗಂಟಲಿಗೆ ಎಲ್ಲಿ ಹಿತವೋ ಅಲ್ಲಿಗೆ ತಂಬೂರಿ ಶ್ರುತಿ ಮಾಡಿಕೊಳ್ಳುತ್ತಾರೆ. ಈ ಲೆಕ್ಕ ನಮಗೆ ಅಂಟುವುದೇ ಇಲ್ಲ. ಅಂಕಿ ನೋಡಲೇಬೇಕೆಂದರೆ ಇದನ್ನು ನೋಡಿ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆಯವರೆಗೆ ಕಿವಿ ತಾಳಿಕೊಳ್ಳುತ್ತದೆ, ಶಬ್ದ ಏರಿದಂತೆ ಆ ಅವಧಿ ಬೇಗ ಬೇಗ ಇಳಿಯುತ್ತದೆ. ನಮ್ಮ ಸಿಟಿ ಬಸ್ಸಿನಲ್ಲಿ ತುಳು ಹಾಡು, ಕಂಡಕ್ಟರನ ಸೀಟಿ, ನಂತೂರಿನ ಹಾರ್ನುಗಳನ್ನು ಮೀರಿಸಿ ಇಯರ್‌ಫೋನಿನಲ್ಲಿ ಸುಪ್ರಭಾತ ಕೇಳುತ್ತೇನೆಂದು ಹಟ ಹಿಡಿಯಬೇಡಿ. ಬಸ್ಸಿನಲ್ಲಿ ಬಸ್ಸಿನ ಹಾಡೇ ಕೇಳಿ.

ಮಲಗುವಾಗ ಹಾಡನ್ನು ಮೊದಲೇ ಇಳಿಸಿಟ್ಟುಕೊಂಡು, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಇಪ್ಪತ್ತು ನಿಮಿಷಕ್ಕೆ ತಾನಾಗಿ ನಿಲ್ಲುವಂತೆ ಮಾಡಿ. ಸಾಲ ಕೊಡುವವನು ಮತ್ತೆ ಬರುವುದಿಲ್ಲ.

13. ಹಾಡು ನಿಂತ ಮೇಲೆ ಏಳಬೇಡಿ

ಎರಡನೆಯ ಸೂತ್ರದಲ್ಲಿ ಹೇಳಿದ ಆ ಪ್ರಯೋಗದ ಒಂದು ಸಂಗತಿಯನ್ನು ಬೇಕೆಂದೇ ಇಲ್ಲಿಗೆ ಉಳಿಸಿಕೊಂಡಿದ್ದೆ. ಹಾಡುಗಳ ನಡುವೆ ಎರಡು ನಿಮಿಷ ಏನನ್ನೂ ಕೇಳಿಸದೆ ಬಿಟ್ಟಿದ್ದರು. ನಾಡಿಯೂ ರಕ್ತದೊತ್ತಡವೂ ಎಲ್ಲಕ್ಕಿಂತ ಕೆಳಗಿಳಿದದ್ದು, ಪ್ರಯೋಗ ಶುರುವಾಗುವ ಮೊದಲು ಇದ್ದುದಕ್ಕಿಂತಲೂ ಕೆಳಗೆ ಹೋದದ್ದು, ಆ ಎರಡು ನಿಮಿಷದಲ್ಲಿ. ಆಟೋಪ್ಲೇ ಇದ್ದರೆ ಮುಂದಿನ ಹಾಡು ನುಗ್ಗಿ ಅದನ್ನು ಕಿತ್ತುಕೊಳ್ಳುತ್ತದೆ. ಆಟೋಪ್ಲೇಯನ್ನು ಈಗಲೇ ಆರಿಸಿಬಿಡಿ.

ಎರಡು ನಿಮಿಷ ಎಣಿಸಲು ಗಡಿಯಾರ ಬೇಡ. ಹಾಡಿನ ಕೊನೆಗೆ ಒಲೆಯ ಮೇಲೆ ಚಾ ಇಟ್ಟು ಬಂದು ಕೂರಿ, ಅದು ಕುದಿಯುವಷ್ಟು ಹೊತ್ತು. ನಾನು ಮಾಡುವುದು ಹಾಗೆಯೇ. ಎರಡು ಸಲ ಉಕ್ಕಿ ಒಲೆ ಆರಿದ್ದೂ ಉಂಟು.